ಅಲ್ಪವಿರಾಮ

ಬದಿಯಡ್ಕದ ಹಾಲಿನ ಸೊಸೈಟಿಯ ಮಾಳಿಗೆಯಲ್ಲಿ
ಎರಡು ಲ್ಯಾಪ್‌ಟಾಪು. ಕೆಳಗೆ ಕ್ಯಾನುಗಳ ಸದ್ದು.
ಮೂರು ದಿನದಿಂದ ಒಂದೇ ಜಗಳ:
ಕನ್ನಡಕ್ಕೆ, ಮಲಯಾಳಕ್ಕೆ, ಇಂಗ್ಲಿಷಿಗೆ
ಬೇರೆ ಬೇರೆ ಅಚ್ಚು ಕೊರೆಯುವುದೇ,
ಒಂದೇ ಅಚ್ಚಿಗೆ ಮೂರು ಪದಕೋಶ ಜೋಡಿಸುವುದೇ?
(ತುಳುವಿಗೆ ಚೀಟಿ ಬೇಡ, ಅದು ಬಾಯಲ್ಲೇ ಲೆಕ್ಕ ಇಡುತ್ತದೆ.)

ಸೌದಾಬಿಯದು ಇನ್ನೊಂದು ಹಟ:
‘ಅಚ್ಚಿಗೆ ಬುದ್ಧಿ ಬರಬಾರದು ಮಾರಾಯ.
ಗುಣಿಸುವುದು, ಕಳೆಯುವುದು ಸರ್ವರಿನ ಒಳಮನೆಯಲ್ಲೇ ಮುಗಿಯಲಿ,
ಜಗಲಿಗೆ ಬರಲಿ ಬರೀ ಉತ್ತರ.’
ಒಪ್ಪಿದೆ.
ಪುಷ್ಪಾವರಣದೊಳಗೆ ಹೆಸರು, ಮನೆ, ಊರು,
ಲೀಟರು, ಕೊಬ್ಬು, ದರ.
ಯಾರು ಬಂದರೂ ಕೂರಬಹುದಾದ ಖಾಲಿ ಮಣೆಗಳು.

ಮೊದಲ ಚೀಟಿ ಹೋದದ್ದು ಕಲ್ಯಾಣಿಯಕ್ಕನ ಕೈಗೆ.
ಕಣ್ಣಿನ ಹತ್ತಿರ ಹಿಡಿದು ಓದಿದಳು:
‘ಕಲ್ಯಾಣಿ, ನಲ್, ನೀರ್ಚಾಲು.
ನಲ್ಲಾ? ಅದ್ಯಾವ ತರವಾಡು?’

ಬಾಡಿಗೆಯ ಒಂದು ಕೋಣೆ,
ಅದಕ್ಕೆ ಹೆಸರಿಟ್ಟವರಿಲ್ಲ.
ನಗುತ್ತಲೇ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಭಾಷೆಯ ಜಗಳ ಅಲ್ಲೇ ಬಿತ್ತು.
ಮಧ್ಯಾಹ್ನ ಸೌದಾಬಿ, ನನ್ನ ಮುಖ ನೋಡದೆ,
ತನ್ನ ನಿಯಮ ತಾನೇ ಮುರಿದು
ಅಚ್ಚಿನೊಳಗೊಂದು ‘ಇದ್ದರೆ’ ಸೇರಿಸಿದಳು:
ಮನೆಗೆ ಹೆಸರಿದ್ದರೆ ಬರೆ.
ಇಲ್ಲದಿದ್ದರೆ
ಪಕ್ಕದ ಅಲ್ಪವಿರಾಮವೂ ಬೇಡ.