ಉ-೧-೯

ನಂಬರು ಬರೆಯುವುದು ನನ್ನ ಕೆಲಸ.
ಬಳ್ಳಿಗಾವಿಯಲ್ಲಿ, ಕೆರೆ ಏರಿಯ ಕೆಳಗೆ,
ವಾಲಿ ನಿಂತ ಹೆಸರಿಲ್ಲದ ಗುಡಿಯೊಂದನ್ನು
ಕಲ್ಲು ಕಲ್ಲಾಗಿ ಇಳಿಸುತ್ತಿದ್ದೆವು.
ಉ ಎಂದರೆ ಉತ್ತರದ ಗೋಡೆ,
ಮೂರು ಎಂದರೆ ಮೂರನೆಯ ವರಸೆ,
ಹದಿನೇಳು ಎಂದರೆ ಹದಿನೇಳೇ.
ಬಿಚ್ಚಿದ್ದನ್ನು ಮತ್ತೆ ಕಟ್ಟಲು ಬೇಕಾದದ್ದು
ಭಕ್ತಿಯಲ್ಲ, ಬಿಳಿ ಬಣ್ಣ.

ಗಾರೆಯಿಲ್ಲ ಇಲ್ಲಿ. ಕಲ್ಲಿಗೆ ಕಲ್ಲಿನ ಭಾರವೇ ಅಂಟು.
ಭುವನೇಶ್ವರಿಯ ತಾವರೆ ಇಳಿದ ದಿನ
ನವರಂಗಕ್ಕೆ ನೇರ ಬಿಸಿಲು ಬಿತ್ತು.
ಇಷ್ಟು ಕಾಲ ಬಾವಲಿಗಳನ್ನಷ್ಟೇ ಕಂಡಿದ್ದ ನೆಲ
ಕಣ್ಣು ಕಿರಿದು ಮಾಡಿದ ಹಾಗಿತ್ತು.
ತಿರುಗಣಿಯಲ್ಲಿ ಕಡೆದ ಕಂಬದಲ್ಲಿ
ಹುಚ್ಚರಾಯಪ್ಪ ಮೀಸೆ ನೋಡಿಕೊಂಡ.

ಟೇಪಿನ ಆ ತುದಿ ಹಿಡಿಯುವವನು ಅವನು.
"ಸಾಲಿಗೆ ಹೋಗಿಲ್ರೀ, ಬಳಪ ಹಿಡಿದಿಲ್ಲ" ಅನ್ನುತ್ತಾನೆ
ಬಳಪದ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು
ಬುತ್ತಿ ಬಿಚ್ಚುತ್ತಾ.

ಅಧಿಷ್ಠಾನದ ಕೊನೆಯ ವರಸೆ.
ಜಾಕ್ ಎತ್ತಿತು, ಹಗ್ಗ ನರಳಿತು,
ಉ-೧-೯ ಮಗ್ಗುಲಾಯಿತು.
ಹೊರಮೈಯಲ್ಲಿ ಹಂಸದ ಸಾಲು.
ಮಣ್ಣಿಗೆ ಮುಖಮಾಡಿದ್ದ ಬದಿಯಲ್ಲಿ
ಅರ್ಧ ಸವೆದ ತಾವರೆ,
ಅದರ ಮೇಲೆ ಮಡಿಸಿದ ಒಂದು ಕಾಲು,
ಅಂಗಾಲು ಕಾಣುವಂತೆ.
ವಿಹಾರವೊಂದಿತ್ತು ಈ ಊರಲ್ಲಿ, ಶಾಸನ ಹೇಳುತ್ತದೆ.
ಬುದ್ಧನೋ, ತಾರೆಯೋ?
ಮೊಣಕಾಲಿನ ಮೇಲೆ ಕಲ್ಲೇ ಇಲ್ಲ.

ಕೆಡವಿ ತಂದದ್ದೋ,
ತಾನೇ ಕುಸಿದದ್ದನ್ನು ಆಯ್ದು ತಂದದ್ದೋ,
ಕಲ್ಲು ಸಾಲದೆ ಬಂದ ಒಂದು ಸೋಮವಾರ
ಯಾರೋ ಮೇಸ್ತ್ರಿ "ಇದೇ ಇರಲಿ" ಅಂದದ್ದೋ.
ಫಾರಂ ತಿರುವಿದೆ. ಅದಕ್ಕೆ ಕಾಲಂ ಇರಲಿಲ್ಲ.

ಹುಚ್ಚರಾಯಪ್ಪ ಕುಕ್ಕರುಗಾಲಲ್ಲಿ ಕೂತ.
ಅವನಪ್ಪ ಕಲ್ಲು ಸೀಳಿ ಬದುಕಿದವನು.
ತಾವರೆಯ ಎಸಳಿನ ಗೀರುಗಳನ್ನು
ಹೆಬ್ಬೆರಳಲ್ಲಿ ಒಂದೊಂದಾಗಿ ಸವರಿದ.
ಆಮೇಲೆ ಹಂಸದ ರೆಕ್ಕೆ.
ಮತ್ತೆ ತಾವರೆ.
"ಎಡಚ ಕಣ್ರೀ ಇವನು. ಉಳಿ ಈ ಕಡೆಯಿಂದ ಬಂದೈತೆ."
ಯಾವುದನ್ನು ಕಡೆದವನು?
"ಎರಡನ್ನೂ."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಇಲ್ಲಾ, ಅವನ ಮಗ. ನಮ್ಮಪ್ಪನೂ ಎಡಚನೇ."

ನಕ್ಷೆಯಲ್ಲಿ ಬರೆದಿದೆ: ಇದ್ದಂತೆಯೇ ಇಡತಕ್ಕದ್ದು.
ಇಟ್ಟೆವು. ತಾವರೆ ಮಣ್ಣಿಗೆ,
ಹಂಸ ಬಿಸಿಲಿಗೆ.
ತೂಗುಗುಂಡು ಅಲುಗಾಡಿ, ಅಲುಗಾಡಿ, ನಿಂತಿತು.
ಇನ್ನು ಇಡೀ ಗುಡಿ, ಅದರ ಲಿಂಗ, ನಂದಿ, ಕಳಶ,
ಯಾರದೋ ಅಂಗಾಲಿನ ಮೇಲೆ.

ಸಂಜೆ ಬಣ್ಣದ ಡಬ್ಬ ಮುಚ್ಚುವಾಗ
ಬ್ರಷ್ಷು ಯಾವ ಕೈಯಲ್ಲಿದೆ ಎಂದು
ನೋಡಿಕೊಂಡೆ.