ಏನೂ ಕೊಡದ ಗುಂಪು

ಕಾಗೋಶಿಮಾದಲ್ಲಿ ಈವತ್ತೂ ಬೂದಿ.
ಕೊಲ್ಲಿಯಾಚೆಯ ಬೆಟ್ಟ ನಸುಕಿಗೇ ಕೆಮ್ಮಿರಬೇಕು,
ಕಾರಿನ ಗಾಜು, ಸೈಕಲ್ ಸೀಟು, ಶಾಲೆ ಮಕ್ಕಳ ಹಳದಿ ಟೋಪಿ
ಎಲ್ಲದರ ಮೇಲೂ ತೆಳ್ಳಗೆ.
ಯಾರೂ ತಲೆಯೆತ್ತಿ ನೋಡುವುದಿಲ್ಲ.
ಗುಡಿಸುತ್ತಾರೆ, ಚೀಲಕ್ಕೆ ತುಂಬುತ್ತಾರೆ, ಕೆಲಸಕ್ಕೆ ಹೋಗುತ್ತಾರೆ.

ನಾನೂ ಬಂದೆ. ಬೂಟು ಕೊಡವಿ, ಗೌನು ತೊಟ್ಟು
ಸೂಕ್ಷ್ಮದರ್ಶಕದ ಮುಂದೆ ಕೂತೆ.
ಗಾಜುಪಟ್ಟಿಯ ಮೇಲೆ ನಾಲ್ಕು ಮೈಕ್ರಾನಿನಷ್ಟು ಹೃದಯ,
ಕೋತಿ ಸಂಖ್ಯೆ ಮುನ್ನೂರ ಹನ್ನೆರಡು, ಗಂಡು, ಐದು ವರ್ಷ.
ಔಷಧ ಕುಡಿದದ್ದಲ್ಲ ಇದು.
ಔಷಧ ಕುಡಿದವುಗಳ ಪಕ್ಕದಲ್ಲಿಟ್ಟು ನೋಡಲೆಂದು
ಹದಿಮೂರು ವಾರ ಬರೀ ನೀರು ಕುಡಿಸಿದ್ದು.

ಗುಲಾಬಿ ನಾರುಗಳು, ಬಾಚಿದ ಹಾಗೆ, ಒಂದೇ ದಿಕ್ಕಿಗೆ.
ನಡುವೆ ಒಂದು ಕಡೆ ಬಾಚಣಿಗೆ ಸಿಕ್ಕಿಕೊಂಡಿದೆ:
ನೀಲಿ ಚುಕ್ಕೆಗಳು, ಕೈತಪ್ಪಿ ಚೆಲ್ಲಿದ ಎಳ್ಳಿನಂತೆ,
ಅಲ್ಲಲ್ಲಿ ನಾರು ಕರಗಿ ಬರಿದಾದ ಜಾಗ.
ಉರಿಯೂತ.
ಉರಿ ಹಚ್ಚಿದವರು ಯಾರು?
ವೈರಸ್ಸೋ, ಮಾರಿಷಸ್‌ನಿಂದ ತಂದ ವಿಮಾನದ ಕತ್ತಲೋ,
ಹೆಸರಿಲ್ಲದ ಇನ್ನೇನೋ. ಗಾಜಿನ ಮೇಲೆ ಉತ್ತರವಿಲ್ಲ.

ಕಡತ ತೆರೆದೆ. ತೂಕ ಏರಿದೆ. ಜ್ವರವಿಲ್ಲ.
ಇಸಿಜಿಯ ಗೆರೆಯಲ್ಲಿ ಒಂದೂ ತಪ್ಪುಹೆಜ್ಜೆಯಿಲ್ಲ.
ಷರಾ ಕಾಲಮ್ಮಿನಲ್ಲಿ ನಾಗಮಿನೆಯ ಗುಂಡು ಅಕ್ಷರ:
ಆರೋಗ್ಯವಾಗಿದೆ. ತೊಂಬತ್ತೊಂದು ದಿನ, ತೊಂಬತ್ತೊಂದು ಸಲ.

ನಾಗಮಿನೆ ಪಂಜರ ತೊಳೆಯುವವನು, ಇಪ್ಪತ್ತೆರಡು ವರ್ಷದಿಂದ.
ಊಟದ ಹೊತ್ತಿಗೆ ಬಂದು ಬಾಗಿಲಲ್ಲೇ ನಿಂತ.
ಹೇಳಬಾರದಿತ್ತೇನೋ, ಹೇಳಿದೆ.
"ಮುನ್ನೂರ ಹನ್ನೆರಡಾ?" ಅಂದ,
"ಎಡಗೈಯಲ್ಲೇ ಸೇಬು ಇಸಕೊಳ್ಳುತ್ತಿತ್ತಲ್ಲ, ಅದಾ?
ಕೊನೆಯ ದಿನವೂ ಪೂರ್ತಿ ತಿಂತು."
ಆಮೇಲೆ, ತನಗೇ ಹೇಳಿಕೊಂಡಂತೆ: "ನೋವಾಗ್ತಿತ್ತಾ?"

ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.
ಕೋತಿ ನೋವು ತೋರಿಸುವುದಿಲ್ಲ;
ಕಾಡಿನ ಗುಂಪಿನಲ್ಲಿ ತೋರಿಸಿದ್ದು ಉಳಿದಿಲ್ಲ.

ನಾನು ಬರೆದೆ: ಹೃದಯಸ್ನಾಯು, ಉರಿಯೂತ, ಅಲ್ಪ.
ಔಷಧಕ್ಕೆ ಸಂಬಂಧವಿಲ್ಲ. ಆಕಸ್ಮಿಕ.
ಸುಳ್ಳಲ್ಲ ಇದು. ಔಷಧಕ್ಕೆ ಒಳ್ಳೆಯ ಸುದ್ದಿ ಕೂಡ:
ಕೊಟ್ಟ ಗುಂಪಿನಲ್ಲಿ ಎರಡು, ಕೊಡದ ಗುಂಪಿನಲ್ಲೂ ಎರಡು,
ಕಳೆದರೆ ಸೊನ್ನೆ.

ಸಂಜೆ ಮತ್ತೆ ಬೂದಿ. ಕೊಡೆ ಬಿಚ್ಚಿ ಬಸ್ಸಿಗೆ ನಿಂತೆ.
ಅತ್ತ ಪ್ರಾಣಿಮನೆಯ ದೀಪ ಇನ್ನೂ ಆರಿಲ್ಲ.
ಮೊನ್ನೆ ಬಂದ ಹೊಸ ಕೋತಿಗಳ ಮುಂದೆ
ನಾಗಮಿನೆ ಒಂದೊಂದಾಗಿ ನಿಲ್ಲುತ್ತಿರಬೇಕು,
ಸೇಬಿನ ಹೋಳು ಚಾಚಿ, ತಕ್ಷಣ ಬಿಡದೆ,
ಬೆರಳಿಗೆ ಬೆರಳು ತಾಗುವಷ್ಟು ಹೊತ್ತು.
ಅಷ್ಟರಲ್ಲಿ ನಾಡಿ ಸಿಗುವುದಿಲ್ಲ,
ಅವನಿಗೂ ಗೊತ್ತು.