ಅರ್ಧ

ಕೋಣನೂರಿನ ಆಸ್ಪತ್ರೆ. ಸೋಮವಾರ.
ಐದು ರೂಪಾಯಿ ಚೀಟಿಗೆ ಎರಡು ಸಾಲು:
ಗಂಡಸರದ್ದು ಉದ್ದ, ಹೆಂಗಸರದ್ದು ಜೋರು.

ದ್ಯಾವಾಜಮ್ಮನ ಬೆರಳಲ್ಲಿ ಹೊಗೆಸೊಪ್ಪಿನ ಅಂಟು.
ಅವಳು ಕೊಟ್ಟ ಚೀಟಿಯನ್ನು
ಡಾಕ್ಟರು ಬಿಡಿಸಿಕೊಳ್ಳಬೇಕಾಯಿತು.

"ಬಿ.ಪಿ. ಗುಳಿಗಿ ದಿನಾ ತಗೋತೀರೇನ್ರಿ?"
ಬೀದರಿನ ಕಡೆಯ ಹುಡುಗಿ, ಬಂದು ಇನ್ನೂ ಎರಡು ವಾರ.
"ದಿನಾ ತಗತೀನಿ ಕಣವ್ವ.
ಅರ್ಧ."

ಪೆನ್ನು ನಿಂತಿತು.

ಹದಿಮೂರು ತಿಂಗಳು
ಈಳಿಗೆಮಣೆಯ ಮುಂದೆ ಉಸಿರು ಬಿಗಿಹಿಡಿದು
ಅಂಗಡಿ ಮಾತ್ರೆ ಕೊಯ್ದಿದ್ದಾಳೆ.
ಬದನೆಕಾಯಿಗೆ ಇಲ್ಲದ ಹುಷಾರು ಅದಕ್ಕೆ.
ಉದುರಿದ ಪುಡಿ ಬೆರಳ ತುದಿಯಿಂದ ನಾಲಿಗೆಗೆ,
ಮಿಕ್ಕ ಹೋಳು ಕುಂಕುಮದ ಭರಣಿಗೆ.
ಕೆಲವು ಬೆಳಗ್ಗೆ ಮಾತ್ರೆಯೂ ಕೆಂಪಗೆ.

"ಇಲ್ಲಿ ರೊಕ್ಕ ಕೇಳೂದಿಲ್ರಿ.
ಇಡೀ ಗುಳಿಗೀನೇ ನುಂಗ್ರಿ."

ಔಷಧಿ ಕಿಟಕಿಯಿಂದ ಮೂರು ಪಟ್ಟಿ ಬಂತು,
ರಬ್ಬರ್ ಬ್ಯಾಂಡ್ ಹಾಕಿದ್ದು.
ಎಣಿಸಿದಳು. ಮೂವತ್ತು.
ಸೆರಗಿಗೆ ಗಂಟು ಹಾಕಿದಳು, ಬಿಚ್ಚಿದಳು,
ಮತ್ತೆ ಎಣಿಸಿದಳು.
ರಾಮನಾಥಪುರದ ಬಸ್ಸು ಹೊರಟುಹೋಯಿತು. ಹೋಗಲಿ.

ಬೆಂಚಿನ ಮೇಲೆ, ಮಗುವಿನ ಜ್ವರ ಮುಟ್ಟಿ ನೋಡುತ್ತಿದ್ದ
ಶಮೀಮಳ ಕಡೆ ಬಾಗಿ
ಮೆಲ್ಲಗೆ ಕೇಳಿದಳು:
"ಇಡೀದ್ ನುಂಗುದ್ರೆ
ಜಾಸ್ತಿ ಆಗಲ್ವೇನವ್ವ,
ನಮ್ಮಂತೋರ್ಗೆ?"